ಎಂಟು ಕಡ್ಡಿಯ ಮೀನು

ಹೋದ ತಿಂಗಳು ನಮ್ಮ ಕಾಕಾ ಹೊಲದಿಂದ ಬರುವಾಗ ಒಂದು ಒಣಗಿದ ಮೀನನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ತಂದರು. ಕೆರೆಯ ನೀರು ಹಿಂದೆ ಸರಿದ ಜಾಗದಲ್ಲಿ, ಬಿರುಕುಬಿಟ್ಟ ಕೆಸರಿನ ಮೇಲೆ ಬಿದ್ದಿತ್ತಂತೆ.

"ನೋಡಬೇ, ಮೊಸಳಿ ಮರಿ ಇದ್ದಂಗ ಐತಿ. ನೀ ಸೈನ್ಸ್ ಓದಿದಾಕಿ, ಇದೇನು ಹೇಳು," ಎಂದು ಅದನ್ನು ಕಟ್ಟೆಯ ಮೇಲೆ ಇಟ್ಟರು.

ಅದು ಕಟ್ಟಿಗೆಯ ತುಂಡಿನಷ್ಟು ಗಟ್ಟಿಯಾಗಿತ್ತು. ಬೇರೆ ಮೀನು ಸತ್ತರೆ ಕೊಳೆತು ಮುಳ್ಳು ಉಳಿಯುತ್ತದೆ. ಇದು ಸತ್ತ ಮೇಲೂ ತನ್ನ ಆಕಾರ ಬಿಡುವುದಿಲ್ಲ. ಮೈತುಂಬ ಹೆಂಚು ಹೊದಿಸಿದಂತೆ ಎಲುಬಿನ ಬಿಲ್ಲೆಗಳಿರುತ್ತವೆ. ಪೇಪರು ಬಿಚ್ಚಿದಾಗ ಪಾಚಿಯದೂ ಬಿಸಿಲಿಗೆ ಕಾದ ಸಿಮೆಂಟಿನದೂ ಕೂಡಿದಂಥ ಒಂದು ವಾಸನೆ ಬಂತು. ಅವ್ವ ಒಳಗಿನಿಂದ "ಹೊರಗ ಒಗೀರಿ ಅದನ್ನ" ಎನ್ನುತ್ತಿದ್ದಳು. ಅಷ್ಟರಲ್ಲಿ ನನ್ನ ಕೈ ತಾನಾಗಿ ಮೀನನ್ನು ಮಗುಚಿ ಹಾಕಿ ಹೊಟ್ಟೆಯನ್ನು ನೋಡುತ್ತಿತ್ತು. ಮೊದಲು ಹೊಟ್ಟೆ, ಆಮೇಲೆ ಪಕ್ಕೆ, ಕೊನೆಗೆ ಬೆನ್ನಿನ ರೆಕ್ಕೆ. ಈ ಕ್ರಮ ಯಾವ ಪುಸ್ತಕದ್ದೂ ಅಲ್ಲ. ಕಲಿಸಿದವರು ಚಾಚಾ.

ನಾನು ದಿನವೂ ಡೈರಿ ಬರೆಯುತ್ತೇನೆ. ಬಸ್ಸು ಎಷ್ಟು ನಿಮಿಷ ತಡವಾಯಿತು ಎಂಬುದನ್ನೂ ಬರೆದಿಡುತ್ತೇನೆ. ಆದರೆ ಅವರ ಅಂಗಡಿಗೆ ಹೋಗುವುದು ಬಿಟ್ಟ ಮೇಲಿನ ಈ ಐದು ವರ್ಷಗಳಲ್ಲಿ ಚಾಚಾ ಅವರ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ.

ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ಅವರ ಬಣ್ಣದ ಮೀನಿನ ಅಂಗಡಿ ಇತ್ತು. ಒಂದೇ ಶೆಟರ್‌ನ ಅಂಗಡಿ. ಎರಡೂ ಗೋಡೆಗೆ ಗಾಜಿನ ಪೆಟ್ಟಿಗೆಗಳು, ನಡುವೆ ಒಬ್ಬರು ಅಡ್ಡ ತಿರುಗಿ ನಡೆಯುವಷ್ಟು ದಾರಿ. ಮನೆ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ಅವರು ಸಣ್ಣ ವಯಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿನ ಮೀನಿನ ಅಂಗಡಿಯಲ್ಲಿ ಗಾಜು ತೊಳೆಯುತ್ತ ಈ ಕೆಲಸ ಕಲಿತಿದ್ದರು. ಉರ್ದು ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದ್ದರು. ಕನ್ನಡವನ್ನು ನಮ್ಮೆಲ್ಲರಂತೆಯೇ ಮಾತನಾಡುತ್ತಿದ್ದರು. ಓದಲು ಮಾತ್ರ ಬರುತ್ತಿರಲಿಲ್ಲ.

ನಾನಾಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ದಿನವೂ ಟಿಕೋಟಾದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪ್ರಾಣಿಶಾಸ್ತ್ರದ ಪ್ರಾಜೆಕ್ಟಿಗೆ ಗೆಳತಿಯರು ಕಪ್ಪೆ, ಚಿಟ್ಟೆ, ಎರೆಹುಳು ಎಂದು ಆರಿಸಿಕೊಂಡರು. ನನಗೆ ಕುಳಿತು ಎಣಿಸುವಂಥದ್ದು ಬೇಕಾಗಿತ್ತು. ಜೂನ್ ತಿಂಗಳ ಒಂದು ಮಧ್ಯಾಹ್ನ ಚಾಚಾ ಅವರ ಅಂಗಡಿಗೆ ಹೋಗಿ, ಸಕರ್ ಮೀನು ತೋರಿಸಿ ಎಂದೆ.

"ಯಾವ ಸಕರ್?" ಎಂದರು.

"ಎಷ್ಟು ಥರ ಅದಾವ್ರಿ?"

ಅವರು ನಕ್ಕರು. "ಕೇಳಿದ್ಯಲ್ಲಾ, ಅದಕ್ಕ ನಿನಗ ತೋರಸ್ತೀನಿ ಬಾ. ಉಳಿದಾವ್ರು ಒಂದ್ ಕೊಡ್ರಿ ಅಂತಾರ, ಕೊಡ್ತೀನಿ, ಒಯ್ತಾರ. ಎಷ್ಟು ಥರ ಅಂತ ಯಾರೂ ಕೇಳೂದಿಲ್ಲ."

ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆದು ತಿನ್ನುವ ಕಂದು ಮೀನಿಗೆ ಅಂಗಡಿಗಳಲ್ಲಿ ಸಕರ್ ಎನ್ನುತ್ತಾರೆ. ಇದು ದಕ್ಷಿಣ ಅಮೆರಿಕದ ನದಿಗಳ ಮೀನು. ಮಾರುವಾಗ ಎರಡು ಇಂಚು ಇರುತ್ತದೆ. ಎರಡು ವರ್ಷ ಕಳೆದರೆ ಮೊಳಕೈ ಉದ್ದ ಬೆಳೆದು, ಪೆಟ್ಟಿಗೆಯಲ್ಲಿ ತಿರುಗಲೂ ಜಾಗವಿಲ್ಲದಂತಾಗುತ್ತದೆ. ಆಗ ಜನ ಅದನ್ನು ಒಯ್ದು ಬಾವಿಗೋ ಕೆರೆಗೋ ಬಿಡುತ್ತಾರೆ. ಚಾಚಾ ಇದಕ್ಕೆ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಸಕರ್ ಕೊಂಡವರಿಗೆಲ್ಲ ಚೀಲದ ಬಾಯಿಗೆ ರಬ್ಬರು ಹಾಕುತ್ತ ಹೇಳುತ್ತಿದ್ದರು: "ಬ್ಯಾಡಾದ್ರ ನನಗ ತಂದು ಕೊಡ್ರಿ. ನೀರಿಗೆ ಮಾತ್ರ ಒಗೀಬ್ಯಾಡ್ರಿ. ಇದು ನಮ್ಮ ನೀರಿನ ಮೀನಲ್ಲ."

ಹಾಗೆ ಮರಳಿ ಬಂದ ಮೀನುಗಳು ಅಂಗಡಿಯ ಹಿಂದಿನ ಸಿಮೆಂಟಿನ ತೊಟ್ಟಿಯಲ್ಲಿದ್ದವು. ನಾನು ಹೋದಾಗ ಇಪ್ಪತ್ಮೂರು ಇದ್ದವು. ಅವಕ್ಕೆ ಅವರು ಉಳಿದ ಅನ್ನ, ಸೌತೆಕಾಯಿ, ಕುದಿಸಿದ ಪಾಲಕ್ ಹಾಕುತ್ತಿದ್ದರು. ಯಾವ ಲೆಕ್ಕದ ಪುಸ್ತಕವೂ ಇರಲಿಲ್ಲ, ಆದರೆ ಯಾವ ಮೀನು ಯಾರ ಮನೆಯದು ಎಂಬುದು ಅವರಿಗೆ ಗೊತ್ತಿತ್ತು. ಅಂಗೈ ಒದ್ದೆ ಮಾಡಿಕೊಂಡು, ಮೀನಿನ ಕೆಳಗೆ ಮೆಲ್ಲಗೆ ಜಾರಿಸಿ, ಮೇಲೆತ್ತಿ ಮಗುಚುತ್ತಿದ್ದರು.

"ಇದು ಸ್ಟೇಶನ್ ರೋಡಿನ ಡಾಕ್ಟರ್ ಮನೀದು. ಇದು ಮದುವಿ ಆಗಿ ಹೋದ ಹುಡುಗೀದು. ತವರಿಗೆ ಬಂದಾಗೊಮ್ಮೆ ಬಂದು ಮಾತಾಡಿಸಿ ಹೋಗ್ತಾಳ. ಹೊಟ್ಟಿ ನೋಡು. ಮನಷ್ಯಾರ ಕೈಯಾಗಿನ ಗೆರಿ ಇದ್ದಂಗ, ಒಂದರದು ಒಂದಕ್ಕ ಇರೂದಿಲ್ಲ."

ಹೊಟ್ಟೆ ನೋಡಿದರೆ ದೊಡ್ಡ ಸಕರ್‌ಗಳಲ್ಲಿ ಎರಡು ಜಾತಿ. ಒಂದರ ಹೊಟ್ಟೆಯ ಮೇಲೆ ಬಿಡಿಬಿಡಿ ಕಪ್ಪು ಚುಕ್ಕೆ. ಪುಸ್ತಕದಲ್ಲಿ ಅದು ಪಾರ್ಡಾಲಿಸ್. ಇನ್ನೊಂದರ ಚುಕ್ಕೆಗಳು ಒಂದಕ್ಕೊಂದು ಕೂಡಿಕೊಂಡು ಹುಳು ಹರಿದಂತೆ ಗೆರೆಗಳಾಗಿರುತ್ತವೆ, ಅದು ಡಿಸ್‌ಜಂಕ್ಟಿವಸ್. ಚಾಚಾ ಮೊದಲನೆಯದಕ್ಕೆ ಜ್ವಾಳ ಎನ್ನುತ್ತಿದ್ದರು, ಎರಡನೆಯದಕ್ಕೆ ಶ್ಯಾವಿಗಿ. ನಾನು ಒಂದು ಉದ್ದನೆಯ ವಹಿ ತಂದು ಕೋಷ್ಟಕ ಹಾಕಿದೆ. ನಂಬರು, ದಿನ, ಉದ್ದ, ಬೆನ್ನಿನ ರೆಕ್ಕೆಯ ಕಡ್ಡಿಗಳು, ಹೊಟ್ಟೆ, ಚಾಚಾ ಏನಂದರು, ಕೊನೆಗೆ 'ಗುರುತಿಸಿದವರು'. ಮೂರು ವಾರಗಳಲ್ಲಿ ಇಪ್ಪತ್ಮೂರೂ ಮುಗಿದವು. ಜೋಳ ಒಂಬತ್ತು, ಶಾವಿಗೆ ಎಂಟು. ಉಳಿದ ಆರು ಎರಡೂ ಕಡೆ ಸೇರುತ್ತಿರಲಿಲ್ಲ. ಅರ್ಧ ಹೊಟ್ಟೆ ಚುಕ್ಕೆ, ಅರ್ಧ ಗೆರೆ.

"ಇವಕ್ಕ ಏನಂತ ಬರೀಲಿ ಚಾಚಾ?"

"ಜ್ವಾಳದ ಶ್ಯಾವಿಗಿ," ಎಂದು ತಾವೇ ನಕ್ಕರು. "ಇದರ ಅವ್ವ ಒಂದು, ಅಪ್ಪ ಒಂದು ಇರಬೇಕು. ಗೊತ್ತಾಗ್ಲಿಲ್ಲ ಅಂತ ಬರಿ ಬೇಟಿ. ಮೀನಿಗೇನು ಸಿಟ್ಟು ಬರ್ತೈತಿ?"

ಮೀನಿಗಲ್ಲ, ನನಗೆ ಸಿಟ್ಟು ಬರುತ್ತಿತ್ತು. ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿದರೂ ನನಗೆ ಊಟ ಸೇರುತ್ತಿರಲಿಲ್ಲ...

ಇವೆರಡಲ್ಲದೆ ಇನ್ನೊಂದು ಜಾತಿ ಇತ್ತು. ಅದು ಬೆಳೆದರೂ ಬೆರಳುದ್ದ ದಾಟುವುದಿಲ್ಲ. ಗಂಡು ದೊಡ್ಡದಾದಾಗ ಮೂತಿಯ ಮೇಲೆ ಗಡ್ಡದಂತೆ ಎಳೆಗಳು ಬರುತ್ತವೆ. ಚಾಚಾ ಅದಕ್ಕೆ ದಾಡಿವಾಲಾ ಎಂದು ಹೆಸರಿಟ್ಟು, "ಇಂವ ನಮ್ಮಾಂವ," ಎಂದು ತಮ್ಮ ಗಡ್ಡ ಸವರಿಕೊಳ್ಳುತ್ತಿದ್ದರು. ಸಣ್ಣ ಪೆಟ್ಟಿಗೆ ಇಟ್ಟವರಿಗೆಲ್ಲ ಬೇಕಾದದ್ದು ಅದೇ. ತೊಂದರೆ ಏನೆಂದರೆ, ಎರಡು ಇಂಚು ಇದ್ದಾಗ ಅದಕ್ಕೆ ಗಡ್ಡ ಇರುವುದಿಲ್ಲ. ಬೆಳೆಯುವ ಜಾತಿಯ ಹೊಟ್ಟೆಯ ಮೇಲೂ ಆಗ ಚುಕ್ಕೆ ಗೆರೆ ಸರಿಯಾಗಿ ಮೂಡಿರುವುದಿಲ್ಲ. ಮುಂಬೈಯಿಂದ ಬರುವ ಚೀಲದಲ್ಲಿ ಎಲ್ಲ ಕೂಡಿಯೇ ಬರುತ್ತಿದ್ದವು.

ಚಾಚಾ ಅವನ್ನು ಹೆಬ್ಬೆರಳಿನಿಂದ ಬೇರ್ಪಡಿಸುತ್ತಿದ್ದರು. ಮರಿಯನ್ನು ಅಂಗೈಯಲ್ಲಿಟ್ಟು ಬಾಲದ ಕಡೆಯಿಂದ ತಲೆಯ ಕಡೆಗೆ ಪಕ್ಕೆಯನ್ನು ಮೆಲ್ಲಗೆ ಸವರುವುದು. ಬೆಳೆಯುವ ಜಾತಿಯ ಪಕ್ಕೆಯ ಬಿಲ್ಲೆಗಳಿಗೆ ಸಣ್ಣ ಗರಗಸದಂತೆ ಅಂಚು ಎದ್ದಿರುತ್ತದೆ. ಅದಕ್ಕೆ ಅವರು ಏಣು ಎನ್ನುತ್ತಿದ್ದರು. ಏಣು ಇದ್ದರೆ ಬೆಳೆಯುತ್ತದೆ, ಇಲ್ಲದಿದ್ದರೆ ದಾಡಿವಾಲಾ. ನನ್ನ ಹೆಬ್ಬೆರಳಿಗೆ ಅದು ಎಂದೂ ಗೊತ್ತಾಗಲಿಲ್ಲ. ನಾನು ಭೂತಗನ್ನಡಿ ಹಿಡಿದು ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸುತ್ತಿದ್ದೆ. ರೆಕ್ಕೆ ಬಿಚ್ಚಿದರೆ ಕೊಡೆಯ ಕಡ್ಡಿಗಳಂತೆ ಕಾಣುತ್ತವೆ. ದಾಡಿವಾಲಾಕ್ಕೆ ಏಳು ಅಥವಾ ಎಂಟು. ಬೆಳೆಯುವ ಜಾತಿಗೆ ಹನ್ನೊಂದರಿಂದ ಹದಿಮೂರು. ಮೊದಲ ನಲವತ್ತು ಮರಿಗಳಲ್ಲಿ ನಮ್ಮಿಬ್ಬರ ಉತ್ತರ ಒಮ್ಮೆಯೂ ಬೇರೆಯಾಗಲಿಲ್ಲ.

"ನಿನ್ನ ಎಣಿಕಿ, ನನ್ನ ಹೆಬ್ಬಟ್ಟು, ಎರಡೂ ಒಂದ ಸಾಲ್ಯಾಗ ಕಲತಾವ ನೋಡು," ಎಂದು ಅವರು ಪಕ್ಕದ ಚಹದಂಗಡಿಯವರಿಗೂ ಹೇಳಿಕೊಂಡು ಬಂದರು. ಬಂದ ಗಿರಾಕಿಗಳಿಗೆಲ್ಲ ವಹಿ ತೋರಿಸುತ್ತಿದ್ದರು. "ಈಕಿ ಎಲ್ಲಾ ಬರೀತಾಳ. ನಾ ಅಂದದ್ದು ತಪ್ಪಿದ್ರೂ ಬರೀತಾಳ."

ಅವರು ನನಗೆ ಮಾಡಬಾರದು ಎಂದದ್ದು ಒಂದೇ ಒಂದು. ಸಕರ್ ಮೀನನ್ನು ಜಾಳಿಗೆಯಿಂದ ಹಿಡಿಯಬಾರದು. ಅದರ ರೆಕ್ಕೆಯಲ್ಲಿ ಮುಳ್ಳುಗಳಿರುತ್ತವೆ. ಬಲೆಯ ಎಳೆಗೆ ಸಿಕ್ಕಿದರೆ ಬಿಡಿಸುವಾಗ ರೆಕ್ಕೆ ಹರಿಯುತ್ತದೆ. "ಕೈಯಿಂದನ ಹಿಡಿ. ತಡ ಆದ್ರ ಆಗ್ಲಿ."

ಸೆಪ್ಟೆಂಬರಿನ ಒಂದು ಶನಿವಾರ. ನಿಡೋಣಿಯಿಂದ ದ್ರಾಕ್ಷಿ ತೋಟದ ಗೌಡರೊಬ್ಬರು ಬಂದಿದ್ದರು. ಮನೆಯ ಪಡಸಾಲೆಯಲ್ಲಿ ಸಣ್ಣ ಪೆಟ್ಟಿಗೆ ಇಟ್ಟು ಎರಡು ಗೋಲ್ಡ್ ಫಿಶ್ ಸಾಕಿದ್ದರು. ಆರು ವರ್ಷದವು, ಮನೆಯವರ ದನಿಗೆ ಮೇಲೆ ಬರುತ್ತವೆ ಎಂದು ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು. ಅವುಗಳ ಜೊತೆಗೆ ಬೆಳೆಯದ ಸಕರ್ ಒಂದು ಬೇಕು ಎಂದರು. ಚಾಚಾ ನಮಾಜಿಗೆ ಹೋಗಿದ್ದರು. ಗೌಡರಿಗೂ ಅವಸರ, ನನಗೂ ಬಸ್ಸಿನ ಹೊತ್ತು. ಮರಿಗಳು ಕೈಗೆ ಸಿಗದೆ ಮೂಲೆಯಿಂದ ಮೂಲೆಗೆ ಓಡುತ್ತಿದ್ದವು. ನಾನು ಗೋಡೆಗೆ ತೂಗುಹಾಕಿದ್ದ ಜಾಳಿಗೆ ತೆಗೆದುಕೊಂಡೆ.

ಒಂದು ಸಿಕ್ಕಿತು. ಬೆನ್ನಿನ ರೆಕ್ಕೆ ಬಲೆಗೆ ಸಿಕ್ಕಿಕೊಂಡಿತ್ತು. ಬಿಡಿಸುವಾಗ ಸಣ್ಣಗೆ ಚಟ್ ಎಂದಿತು... ಆ ಸಪ್ಪಳ ನನಗೆ ಕೇಳಿಸಿತ್ತು. ಭೂತಗನ್ನಡಿ ಹಿಡಿದೆ. ನೆಟ್ಟಗೆ ನಿಂತ ಕಡ್ಡಿಗಳು ಎಂಟು. ಅದರ ಹಿಂದೆ ಏನೋ ಹರಕು ಜೋತಾಡುತ್ತಿತ್ತು. ಬರೀ ಪೊರೆ ಎಂದುಕೊಂಡೆ, ಅಂದುಕೊಳ್ಳಲು ಇಷ್ಟಪಟ್ಟೆ. ವಹಿಯಲ್ಲಿ ಬರೆದೆ: ಕಡ್ಡಿ ಎಂಟು, ಹಿಂಬದಿ ಹರಿದಿದೆ. ಜಾಳಿಗೆಯನ್ನು ಮತ್ತೆ ಮೊಳೆಗೆ ತೂಗುಹಾಕಿದೆ.

ಅಷ್ಟರಲ್ಲಿ ಚಾಚಾ ಬಂದು, ಮರಿಯನ್ನು ಅಂಗೈಗೆ ತೆಗೆದುಕೊಂಡು ಪಕ್ಕೆ ಸವರಿದರು. ಮತ್ತೊಮ್ಮೆ ಸವರಿದರು.

"ಏಣು ಐತಿ ಬೇಟಿ. ಇದು ಬೆಳೀತೈತಿ."

"ಎಂಟು ಅದಾವ ಚಾಚಾ. ಎರಡು ಸಲ ಎಣಿಸೇನಿ."

"ಎಂಟು?"

"ಎಂಟು ಅಂದ್ರ ದಾಡಿವಾಲಾನ. ಪುಸ್ತಕದಾಗ ಐತಿ."

ಅವರು ಹೇಳಿದ್ದನ್ನು ನಾನು ವಹಿಯಲ್ಲಿ ಬರೆದೆ; ಅದು ನನ್ನ ಅಭ್ಯಾಸ. ಕೊನೆಯ ಮನೆಯಲ್ಲಿ, ಗುರುತಿಸಿದವರು ಎಂಬಲ್ಲಿ, 'ನಾನು' ಎಂದು ಬರೆದೆ. ಗೌಡರು ಗಡಿಯಾರ ನೋಡಿಕೊಂಡರು. "ಯಾರ ಮಾತು ನಂಬೂಣು ಹೇಳ್ರಿ ಲಗೂನ. ನಿಮ್ಮ ಹೆಬ್ಬಟ್ಟಿಂದೋ, ಈ ಹುಡುಗೀದೋ?" ಎಂದು ಚೇಷ್ಟೆ ಮಾಡಿದರು. ಚಾಚಾ ನನ್ನ ಮುಖ ನೋಡಿ ನಕ್ಕು, "ಎಣಿಸಿದ್ದು ಖರೆ ಇರ್ತೈತ್ರಿ ಗೌಡ್ರ. ಒಯ್ರಿ, ಬೆಳಿಯೂದಿಲ್ಲ. ಜವಾಬ್ದಾರಿ ನಂದು," ಎಂದು ಚೀಲಕ್ಕೆ ರಬ್ಬರು ಹಾಕಿದರು. ನನಗೆ ಬಸ್ಸು ಸಿಕ್ಕಿತು. ಅಂದಿನ ಡೈರಿಯಲ್ಲಿ, ಚಾಚಾ ಅವರ ಹೆಬ್ಬೆರಳು ಮೊದಲ ಸಲ ತಪ್ಪಿತು ಎಂದು ಬರೆದಿದ್ದೇನೆ. ಅದರ ಕೆಳಗೆ ಗೆರೆಯನ್ನೂ ಎಳೆದಿದ್ದೇನೆ.

ಮಾರ್ಚಿನಲ್ಲಿ ಅದೇ ಗೌಡರು ನಿಡೋಣಿಯ ಇನ್ನೂ ನಾಲ್ವರನ್ನು ಕರೆದುಕೊಂಡು ಬಂದರು. ಐವರೂ ಹೊಲದಲ್ಲಿ ಹೊಂಡ ತೆಗೆಸಿದ್ದರು. ಮಳೆಗಾಲಕ್ಕೆ ಅದರಲ್ಲಿ ಕಾಟ್ಲಾ, ರೋಹು ಬಿಟ್ಟು ಸಾಕುವ ಯೋಚನೆ. ಮರಿ ತರಿಸುವಾಗ ಬೇರೆ ಜಾತಿ ಕೂಡಿ ಬಂದರೆ ವರ್ಷವೇ ಹಾಳು. ಆರಿಸಿ ಕೊಡುವ ಕೈ ಬೇಕಾಗಿತ್ತು. ಚಾಚಾ ತರಿಸಿ, ಆರಿಸಿ, ಹೊಂಡಗಳನ್ನು ನೋಡಿಕೊಳ್ಳಬೇಕು ಎಂದು ಮಾತಾಯಿತು. ಚಾಚಾ ಅವರನ್ನು ಓಣಿಯ ತುದಿಯವರೆಗೆ ಕಳಿಸಿ ಬಂದರು. ಆಮೇಲೆ, "ಮೂವತ್ತು ವರ್ಷ ಆಟಿಗಿ ಸಾಮಾನ ಮಾರಿದಂಗ ಮಾರೇನಿ ಬೇಟಿ. ಈಗ ಊಟಕ್ಕ ಆಗೂ ಮೀನ ನನ್ನ ಕೈಯಾಗ ಕೊಡ್ತೀವಿ ಅಂದಾರ," ಎಂದರು. ಮರುದಿನ ಒಂದು ಜೊತೆ ರಬ್ಬರು ಬೂಟು ಕೊಂಡು ತಂದು ಅಂಗಡಿಯಲ್ಲೇ ಹಾಕಿಕೊಂಡು ಓಡಾಡಿದರು. ಚಹದಂಗಡಿಯವರು "ಏನ್ ಚಾಚಾ, ಅಂಗಡ್ಯಾಗ ಹೊಳಿ ಬಂದೈತೇನು?" ಎಂದು ಕಾಡಿದರು.

ಏಪ್ರಿಲಿನಲ್ಲಿ, ನನ್ನ ವೈವಾಕ್ಕೆ ಒಂಬತ್ತು ದಿನ ಇದ್ದಾಗ, ಆ ಐವರು ಮತ್ತೆ ಬಂದರು. ಗೌಡರ ಕೈಯಲ್ಲಿ ಒಂದು ಬಕೆಟ್ ಇತ್ತು. ಅದನ್ನು ಚಾಚಾ ಅವರ ಮುಂದೆ ಕುಕ್ಕಿದರು. ನೀರು ನನ್ನ ವಹಿಯ ಮೇಲೆ ಚಿಮ್ಮಿತು.

"ಇದೇನ್ರಿ ಬೆಳಿಯೂದಿಲ್ಲ ಅಂದದ್ದು?"

ಬಕೆಟಿನಲ್ಲಿ ಒಂದು ಗೇಣು ಉದ್ದದ ಸಕರ್ ಇತ್ತು. ಅದು ಗೋಲ್ಡ್ ಫಿಶ್‌ಗಳ ಮೈಗೆ ಅಂಟಿಕೊಂಡು ಪಕ್ಕೆ ಕೆರೆದು ಗಾಯ ಮಾಡಿತ್ತಂತೆ. ಒಂದು ಸತ್ತಿತ್ತು. ಇನ್ನೊಂದು ಸಾಯುವಂತಿತ್ತು.

ಚಾಚಾ ಮೊದಲು ಅಂದದ್ದು, "ನೀರಿಗೆ ಬಿಡದ ತಂದ್ರಲ್ಲ, ಛಲೋ ಆತು," ಎಂದು. ಆಮೇಲೆ ಅಂಗೈ ಒದ್ದೆ ಮಾಡಿಕೊಂಡು ಮೀನನ್ನು ಎತ್ತಿದರು. ಬೆನ್ನಿನ ರೆಕ್ಕೆ ಬಿಚ್ಚಿಕೊಂಡಿತು. ನಾನು ದೂರದಿಂದಲೇ ಎಣಿಸಿದೆ. ಹನ್ನೆರಡು. ಮುಂದಿನ ಎಂಟು ನೆಟ್ಟಗಿದ್ದವು. ಹಿಂದಿನ ನಾಲ್ಕು ಮುರಿದು ಮತ್ತೆ ಬೆಳೆದವು, ಸೊಟ್ಟಗಿದ್ದವು. ಚಾಚಾ ಅವರ ಬೆರಳು ಆ ಸೊಟ್ಟ ಕಡ್ಡಿಗಳ ಹತ್ತಿರ ಒಂದು ಕ್ಷಣ ನಿಂತಿತು.

"ಒಂದು ಸಣ್ಣ ಮೀನಿನ ಗುರ್ತ ನಿಮಗ ಸಿಗಲಿಲ್ಲ," ಎಂದರು ಇನ್ನೊಬ್ಬರು. "ಐದು ಹೊಂಡದ ಮರಿ ಹೆಂಗ ಆರಸ್ತೀರಿ?"

"ನಾ ಅವತ್ತು ಬೆಳೀತೈತಿ ಅಂದಂಗ ನೆನಪೈತ್ರಿ..." ಎಂದರು ಚಾಚಾ.

"ಅದೆಲ್ಲ ನನಗ ನೆನಪಿಲ್ಲ. ಬೆಳಿಯೂದಿಲ್ಲ, ಜವಾಬ್ದಾರಿ ನಂದು ಅಂದಿರಿ!" ಎಂದರು ಗೌಡರು. "ಈಗ ಮಾತು ತಿರಗಸ್ತೀರಿ?"

ಚಾಚಾ ನನ್ನ ಕಡೆ ತಿರುಗಿದರು. "ಬೇಟಿ, ಆ ವಹಿ ತಗಿ. ಯಾರು ಏನಂದ್ರು ಎಲ್ಲಾ ಬರದೀಯಲ್ಲ. ಓದು. ಅದರಾಗ ಇದ್ದದ್ದ ಖರೆ."

ಪುಟ ತೆಗೆದೆ. ಎಲ್ಲವೂ ನನ್ನ ಅಕ್ಷರದಲ್ಲಿ ನನ್ನ ಮುಂದೆಯೇ ಇತ್ತು. ಐವರು ಗಂಡಸರು ನನ್ನನ್ನೇ ನೋಡುತ್ತಿದ್ದರು. ಯಾಕೆ ಹಾಗೆ ಮಾಡಿದೆ ಎಂದು ಎಷ್ಟೋ ಸಲ ಬಿಡಿ ಹಾಳೆಯಲ್ಲಿ ಕಾರಣಗಳ ಪಟ್ಟಿ ಬರೆದು ಹರಿದಿದ್ದೇನೆ. ವೈವಾದ ಹೆದರಿಕೆ ಒಂದು. ಈ ಎಣಿಕೆ ಸುಳ್ಳಾದರೆ ಪ್ರಾಜೆಕ್ಟಿನ ಎಲ್ಲ ಪುಟಗಳ ಮೇಲೂ ಅನುಮಾನ ಬರುತ್ತಿತ್ತು. ಆದರೆ ಅದು ಪೂರ್ತಿ ಕಾರಣ ಅಲ್ಲ. ತಪ್ಪಿದವಳು ನಾನು ಎಂದು ಯಾರಿಗೂ ಕಾಣಬಾರದಾಗಿತ್ತು, ಅಷ್ಟೆ.

"ಉದ್ದ ಎರಡು ಇಂಚು. ಕಡ್ಡಿ ಎಂಟು. ಹೊಟ್ಟೆ, ಗುರುತು ಮೂಡಿಲ್ಲ," ಎಂದು ಓದಿದೆ. ಚಾಚಾ ಅವರ ಮಾತು ಇದ್ದ ಮನೆಯ ಮೇಲೆ ನನ್ನ ಹೆಬ್ಬೆರಳು ಇತ್ತು. "ಚಾಚಾ, ಬೆಳೆಯುವುದಿಲ್ಲ. ಗುರುತಿಸಿದವರು, ಅಂಗಡಿ."

"ಹಂಗ ಬರದೈತಿ?" ಎಂದರು ಚಾಚಾ.

ಹೌದೆಂದು ತಲೆ ಆಡಿಸಿದೆ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ಐವರ ಕಡೆ ತಿರುಗಿ, "ವಹಿಯಾಗ ಹಂಗಿದ್ರ ಹಂಗನ ಇರಬೇಕ್ರಿ. ತಪ್ಪು ನಂದು," ಎಂದರು. ಐವರೂ ಬಕೆಟ್ ಅಲ್ಲೇ ಬಿಟ್ಟು ಹೋದರು. ಚಾಚಾ ಮೀನನ್ನು ಹಿಂದಿನ ತೊಟ್ಟಿಗೆ ಬಿಟ್ಟು ಬಂದು, ನನ್ನ ವಹಿಯ ಮೇಲಿನ ನೀರನ್ನು ಹೆಗಲ ಟವೆಲ್ಲಿನಿಂದ ಒರೆಸಿ ಕೊಟ್ಟರು. "ಚಾ ಕುಡದು ಹೋಗು. ಬಸ್ಸಿಗೆ ಇನ್ನೂ ಹೊತ್ತೈತಿ."

ನಾನು ಚಹ ಕುಡಿದೆ. ಅದನ್ನೂ ಹೇಳಿಬಿಡಬೇಕು. ಪೂರ್ತಿ ಕುಡಿದೆ.

ವೈವಾ ಚೆನ್ನಾಗಿ ಆಯಿತು. ಎಲ್ಲರಿಗಿಂತ ಹೆಚ್ಚು ಅಂಕ ಬಂದವು. ನಿಡೋಣಿಯವರು ಬೇರೆ ಊರಿನವರಿಂದ ಮರಿ ತರಿಸಿದರು ಎಂದು ಕೇಳಿದೆ. ಗುಡಿಯ ಕಡೆ ಹೋಗುವ ಕೆಲಸ ಬಂದರೆ ಆ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಮಳೆಗಾಲದಲ್ಲಿ ಒಮ್ಮೆ ಧೈರ್ಯ ಮಾಡಿ ಹೋದಾಗ ಶೆಟರ್ ಮುಚ್ಚಿತ್ತು. ಚಹದಂಗಡಿಯವರು, "ಮುಚ್ಚಿ ಎರಡು ತಿಂಗಳಾತಲ್ಲ ತಂಗಿ. ಆ ದೊಡ್ಡ ಮೀನ ಎಲ್ಲಾ ಒಬ್ಬೊಬ್ರ ಮನಿಗೆ ಹೋಗಿ, ಸಾಕ್ತೀನಿ ಅಂದಾವ್ರಿಗೆ ಕೊಟ್ಟು ಬಂದ್ರು," ಎಂದರು. ಎರಡು ವರ್ಷದ ಮೇಲೆ ಅವರಿಂದಲೇ ಇನ್ನೊಂದು ಸುದ್ದಿ ತಿಳಿಯಿತು. ಚಾಚಾ ತೀರಿಕೊಂಡಿದ್ದರು. ಚಳಿಗಾಲದಲ್ಲಿ, ನಾಲ್ಕು ದಿನದ ಜ್ವರದಲ್ಲಿ...

ಅಷ್ಟೂ ವರ್ಷ ನನಗೆ ಒಂದೇ ಒಂದು ಸಮಾಧಾನ ಇತ್ತು. ಚಾಚಾಗೆ ಗೊತ್ತಿತ್ತು ಎಂದುಕೊಂಡಿದ್ದೆ. ಸೊಟ್ಟ ಕಡ್ಡಿಗಳನ್ನು ಮುಟ್ಟಿದಾಗಲೇ ಜಾಳಿಗೆಯ ವಿಷಯ ತಿಳಿದಿತ್ತು. ಗೊತ್ತಿದ್ದೂ ನನ್ನ ಮೇಲಿನ ಅಕ್ಕರೆಯಿಂದ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಚಹ ಕುಡಿದು ಹೋಗು ಎಂದದ್ದು ಕ್ಷಮಿಸಿದ ಹಾಗೆಯೇ ಎಂದು.

ನಾನೀಗ ಟಿಕೋಟಾದಲ್ಲಿ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಕಾಕಾ ತಂದ ಒಣ ಸಕರ್ ಮೀನು ನೋಡಿದ ಮೇಲೆ ಟ್ರಂಕಿನಿಂದ ವಹಿ ತೆಗೆದೆ. ಹೋದ ಭಾನುವಾರ ಬಬಲೇಶ್ವರಕ್ಕೆ ಹೋಗಿ, ಅಲ್ಲಿಂದ ನಿಡೋಣಿಗೆ ಹೋದೆ. ಗೌಡರು ತೋಟದಲ್ಲಿದ್ದರು. ಪುಟ ತೆಗೆದು, ಇದ್ದದ್ದನ್ನು ಇದ್ದ ಹಾಗೆ ಓದಿದೆ. ಜಾಳಿಗೆಯ ವಿಷಯವನ್ನೂ ಹೇಳಿದೆ.

ಅವರು ಬಳ್ಳಿ ಕಟ್ಟುವ ದಾರವನ್ನು ಬೆರಳಿಗೆ ಸುತ್ತಿಕೊಂಡರು.

"ಅಂವ ಮಾತು ತಿರಗಸ್ತಾನ ಅಂತ ನಾ ಇಡೀ ಊರಾಗ ಹೇಳೇನಿ," ಎಂದರು. "ಈಗ ನೀ ಬಂದು ಹೇಳಿದಿ, ನಿನ್ನ ಭಾರ ಇಳೀತು. ನಂದು ಎಲ್ಲಿ ಇಳಸಲಿ? ಉಳದ ನಾಕೂ ಮಂದಿ ಮುಂದ ನಡಿ ಈಗ, ನನ್ನ ಸಂಗಟ. ಅವ್ರಿಗೂ ಓದು."

ನಾಲ್ಕು ಮನೆಗೂ ಹೋದೆವು. ಇಬ್ಬರಿಗೆ ಆ ಸಂಗತಿ ನೆನಪೇ ಇರಲಿಲ್ಲ. "ಯಾವ ಮೀನವ್ವಾ?" ಎಂದು ಕೇಳಿದರು. ಗೌಡರೇ ಅವರಿಗೆ ಎಲ್ಲವನ್ನೂ ಮೊದಲಿನಿಂದ ನೆನಪಿಸಿ, ಆಮೇಲೆ ನನಗೆ ಓದಲು ಹೇಳಿದರು. ತಿರುಗಿ ಬರುವಾಗ ಬಸ್ಸಿನ ಹತ್ತಿರ, "ಅಂವನ ಮನ್ಯಾಗ ಯಾರದಾರ?" ಎಂದು ಕೇಳಿದರು. ಅವರ ಹೆಂಡತಿ ಚಾಚಿ ಇದ್ದಾರೆ ಎಂದೆ. "ಮೊದಲ ಅಲ್ಲಿಗೆ ಹೋಗಬೇಕಿತ್ತು ನೀ," ಎಂದರು.

ವಿಜಯಪುರದ ಬಸ್ಸು ಹತ್ತಿದೆ.

ಇಬ್ರಾಹಿಂಪುರದ ಆ ಮನೆಗೆ ನಾನು ಎಂದೂ ಹೋಗಿರಲಿಲ್ಲ, ಕೇಳುತ್ತ ಹೋಗಬೇಕಾಯಿತು. ಚಾಚಿ ಬಾಗಿಲಲ್ಲಿ ಕುಳಿತು ಮೆಂತ್ಯ ಸೋಸುತ್ತಿದ್ದರು. ಟಿಕೋಟಾದವಳು, ಅಂಗಡಿಗೆ ಬರುತ್ತಿದ್ದೆ ಎಂದೆ.

"ವಹಿ ಬರಿಯೂ ಹುಡುಗಿ!" ಎಂದು ಅವರ ಮುಖ ಅರಳಿತು. "ಬಾ, ಒಳಗ ಬಾ. ನಿನ್ನ ಸುದ್ದಿ ಭಾಳ ಹೇಳ್ತಿದ್ರು."

ಒಳಗೆ ಕುಳಿತು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಸೋಸುವ ಕೈ ನಿಂತಿತ್ತು.

"ಹಂಗಾರ ಅವ್ರು ಬೆಳೀತೈತಿ ಅಂತನ ಅಂದಿದ್ರು?"

"ಹೌದ್ರಿ."

"ಮುಂಜಾನೆದ್ದು ಈ ಹೆಬ್ಬಟ್ಟ ನೋಡ್ಕೋತ ಕೂಡ್ತಿದ್ರು," ಎಂದರು ಚಾಚಿ. "ನಾ ಬೆಳೀತೈತಿ ಅಂದಂಗ ನೆನಪೈತಿ, ಆದ್ರ ವಹಿಯಾಗ ಬ್ಯಾರೆ ಐತಿ, ಆ ಹುಡುಗಿ ಒಂದಕ್ಷರ ಸುಳ್ಳ ಬರಿಯಾಕಿ ಅಲ್ಲ ಅಂತಿದ್ರು. ಕೈನೂ ಹೋತು, ನೆನಪೂ ಹೋತು ನಂದು ಅಂತಿದ್ರು. ಗುರ್ತ ಸಿಗದಾಂವ ಮೀನ ಮಾರಬಾರ್ದು ಅಂತ ಅಂಗಡಿ ಮುಚ್ಚಿದ್ರವ್ವಾ. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ."

ಚಾಚಾಗೆ ಗೊತ್ತಿರಲಿಲ್ಲ. ಅವರು ನನ್ನನ್ನು ಕ್ಷಮಿಸಿರಲಿಲ್ಲ. ಕ್ಷಮಿಸಬೇಕಾದದ್ದು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ನನ್ನ ಓದನ್ನು ನಂಬಿ, ತಮ್ಮ ಕೈಯನ್ನು ಬಿಟ್ಟುಬಿಟ್ಟಿದ್ದರು...

"ಓದು," ಎಂದರು ಚಾಚಿ.

ಓದಿದೆ. ಉದ್ದ ಎರಡು ಇಂಚು. ಕಡ್ಡಿ ಎಂಟು, ಹಿಂಬದಿ ಹರಿದಿದೆ. ಹೊಟ್ಟೆ, ಗುರುತು ಮೂಡಿಲ್ಲ. ಚಾಚಾ, ಏಣು ಇದೆ, ಬೆಳೆಯುತ್ತದೆ. ಗುರುತಿಸಿದವರು, ನಾನು.

"ಅವ್ರಂದದ್ದಷ್ಟ ಇನ್ನೊಮ್ಮೆ ಓದು."

"ಏಣು ಇದೆ, ಬೆಳೆಯುತ್ತದೆ."

"ಆ ಹಾಳಿ ನನಗ ಕೊಟ್ಟು ಹೋಗು."

ನಾನು ಯಾವ ವಹಿಯಿಂದಲೂ ಎಂದೂ ಪುಟ ಹರಿದವಳಲ್ಲ. ಹರಿದು ಕೊಟ್ಟೆ. ಚಾಚಿಗೂ ಕನ್ನಡ ಓದಲು ಬರುವುದಿಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅವ್ರ ಮಾತು ಎಲ್ಲೈತಿ ಇದರಾಗ?"

ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ.